ಬೇರೆಯವರ ಚೀಲ

"ಇದರ ಮೇಲೆ ನೀರು, ಕಾಫಿ, ಜ್ಯೂಸು ಏನಾದ್ರೂ ಚೆಲ್ಲಿತ್ತಾ ಮೇಡಂ?" ಸರ್ವೀಸ್ ಸೆಂಟರಿನ ಹುಡುಗಿ ಸತ್ತುಬಿದ್ದಿದ್ದ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಕೇಳಿದಳು.

"ಇಲ್ಲ," ಎಂದಳು ಸೊಸೆ. ಅಷ್ಟೇ.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾವ ಮನಸ್ಸಿನಲ್ಲೇ ಭೇಷ್ ಎಂದರು. ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ನಿಂತೇ ನಿವೃತ್ತರಾದವರು ಅವರು. ಸುಂಕ ಕಟ್ಟುವಂಥದ್ದು ಏನಾದರೂ ಇದೆಯಾ ಎಂದಾಗ ಒಂದೇ ಮಾತಿನಲ್ಲಿ ಇಲ್ಲ ಎಂದವರನ್ನು ಬಿಟ್ಟುಬಿಡುತ್ತಿದ್ದರು. ಇಲ್ಲ ಎಂದ ಮೇಲೂ ವಿಮಾನದ ಊಟ, ಅಜ್ಜಿಯ ಮಂಡಿನೋವು ಎಂದು ಮಾತು ಬೆಳೆಸಿದವರ ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ತಮ್ಮ ಕಣ್ಣಿಗೆ ಮಣ್ಣೆರಚಿದವರು ಇನ್ನೂ ಹುಟ್ಟಿಲ್ಲ ಎಂಬ ಜಂಬ ಬೇರೆ. ಸೊಸೆ ಕೂಡ, "ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ ಮಾವ, ನಿಮ್ಮ ಮುಖ ನೋಡಿದ್ರೆ ಯಾರೂ ಅನುಮಾನ ಪಡಲ್ಲ," ಎಂದೇ ಅವರನ್ನು ಕರೆತಂದಿದ್ದಳು.

"ಮನೇಲಿ ಬೇರೆ ಯಾರಾದ್ರೂ ಬಳಸ್ತಾರಾ?"

"ಯಾರೂ ಇಲ್ಲಮ್ಮ," ಎಂದರು ಮಾವ, ಸೊಸೆ ಬಾಯಿ ತೆರೆಯುವ ಮೊದಲೇ. "ನಾನಂತೂ ಆ ರೂಮಿಗೇ ಕಾಲಿಡಲ್ಲ. ಇಟ್ರೂ ಕೈ ತೊಳ್ಕೊಂಡೇ ಇಡ್ತೀನಿ. ಅಂದ ಹಾಗೆ, ನಿಮ್ಮಲ್ಲಿ ಗಾಡಿ ನಿಲ್ಸೋಕೆ ಒಳ್ಳೆ ಜಾಗ ಇದೆ."

ಹೇಳಿ ಮುಗಿಸುವಷ್ಟರಲ್ಲಿ ಅವರ ಕಿವಿ ಬಿಸಿಯಾಯಿತು. ಹೀಗೆ ಮಾತಾಡಿದವನ ಪೆಟ್ಟಿಗೆಯನ್ನು ಅವರು ತಳದವರೆಗೂ ಬಿಚ್ಚಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಸೊಸೆ ಮಲಗಿದ್ದಾಗ ಅವರು ಅದೇ ಲ್ಯಾಪ್‌ಟಾಪಿನಲ್ಲಿ ಕದ್ದು ಚೆಸ್ ಆಡಿದ್ದರು. ಕೇಳಿದ್ದರೆ ಕೊಡುತ್ತಿದ್ದಳು, ಕೇಳುವುದಕ್ಕೆ ಬಿಗುಮಾನ. ಮಂತ್ರಿಯನ್ನು ಕಳೆದುಕೊಂಡ ಗಾಬರಿಯಲ್ಲಿ ಮೊಣಕೈ ತಾಗಿ ನಿಂಬೆಹಣ್ಣಿನ ಶರಬತ್ತು ಕೀಬೋರ್ಡಿನ ಮೇಲೆ ಚೆಲ್ಲಿತು. ಒರೆಸಿದರು, ಬೀಸಣಿಗೆಯಿಂದ ಗಾಳಿ ಹಾಕಿದರು, ತೇವ ಹೀರಲಿ ಎಂದು ಸ್ವಲ್ಪ ಹೊತ್ತು ಅಕ್ಕಿ ಡಬ್ಬಿಯಲ್ಲೂ ಹುಗಿದಿಟ್ಟರು. ಸೊಸೆ ಏಳುವ ಮೊದಲು ಏನೂ ಆಗಿಲ್ಲವೆಂಬಂತೆ ಮೇಜಿನ ಮೇಲಿತ್ತು. ಸೋಮವಾರ ಬೆಳಿಗ್ಗೆ ಅದು ಏಳಲೇ ಇಲ್ಲ. ಮನೆಗಳ ನಕ್ಷೆ ಬಿಡಿಸುವ ಸೊಸೆ ಸ್ವಂತ ಕಸುಬು ಶುರುಮಾಡಿದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ ಅದರೊಳಗೇ ಇತ್ತು. ಈ ವಾರ ಕೊಡದಿದ್ದರೆ ಗಿರಾಕಿ ಕೈಬಿಟ್ಟು ಹೋಗುತ್ತಿದ್ದ.

"ಹಾಗಾದ್ರೆ ಏನೂ ಚೆಲ್ಲಿಲ್ಲ ಅಂತ ಇಲ್ಲೊಂದು ಸಹಿ ಹಾಕಿ ಮೇಡಂ. ವಾರಂಟಿ ಇದೆ, ಕಂಪನಿಗೆ ಕಳಿಸ್ತೀವಿ."

ಸೊಸೆ ಪೆನ್ನು ತೆಗೆದುಕೊಂಡಳು. ಮಾವನಿಗೆ ಹಳೆಯ ಮುಖಗಳು ನೆನಪಾದವು. ಕಳ್ಳಸಾಗಣೆಯವರದಲ್ಲ, ಯಾರೋ ಕೊಟ್ಟ ಚೀಲವನ್ನು ನಂಬಿ ಹೊತ್ತು ತಂದು, ಒಳಗೇನಿದೆಯೆಂದೇ ತಿಳಿಯದೆ ಸಿಕ್ಕಿಬೀಳುತ್ತಿದ್ದ ಅಮಾಯಕರದು. ಅವರನ್ನು ಕಂಡಾಗ ಕರುಳು ಚುರ್ ಎನ್ನುತ್ತಿತ್ತು, ಚೀಲ ಕೊಟ್ಟವನು ಕೈಗೆ ಸಿಕ್ಕರೆ ಸಿಗಿದುಹಾಕುವಷ್ಟು ಸಿಟ್ಟು ಬರುತ್ತಿತ್ತು. ಈಗ ಚೀಲ ಕೊಟ್ಟವರು ಅವರೇ.

"ಸಹಿ ಹಾಕ್ಬೇಡ ಕಣಮ್ಮ," ಎಂದರು. "ಆ ಚೀಲ ನಂದು."

"ಯಾವ ಚೀಲ ಮಾವ?"

ಚೆಸ್ಸು, ಮೊಣಕೈ, ಶರಬತ್ತು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಅಕ್ಕಿ ಡಬ್ಬಿಯ ವಿಷಯವನ್ನು ಮಾತ್ರ ನಾಚಿಕೆಯಿಂದ ನುಂಗಿಕೊಂಡರು.

"ಶರಬತ್ತಾ?" ಎಂದ ಸೊಸೆಯ ಮುಖದಲ್ಲಿ ಸಿಟ್ಟಿನ ಬದಲು ಒಂಥರಾ ಸಂತೋಷವೇ ಕಂಡಿತು. ಎಂಥ ದೊಡ್ಡ ಮನಸ್ಸು ಎಂದುಕೊಂಡರು ಮಾವ.

ಹುಡುಗಿ ಆಗಲೇ ಸ್ಕ್ರೂ ಬಿಚ್ಚುತ್ತಿದ್ದಳು. "ಹೇಳಿದ್ದು ಒಳ್ಳೇದಾಯ್ತು ಸರ್. ವಾರಂಟಿ ಸಿಗಲ್ಲ, ದುಡ್ಡು ನೀವೇ ಕೊಡ್ಬೇಕು. ಆದ್ರೆ ಕಂಪನಿಯವ್ರು ಹೇಗಿದ್ರೂ ಬಿಚ್ಚಿ, ನೋಡಿ, ರಿಪೇರಿ ಮಾಡ್ದೆ ವಾಪಸ್ ಕಳಿಸ್ತಿದ್ರು. ಅಷ್ಟರಲ್ಲಿ ತಿಂಗಳೇ ಕಳೀತಿತ್ತು. ಈಗ ಇಲ್ಲೇ ಕ್ಲೀನ್ ಮಾಡಿ ಕೊಡ್ತೀನಿ, ನಾಡಿದ್ದು ಬನ್ನಿ." ಅಷ್ಟು ಹೇಳಿದವಳು ಬಗ್ಗಿ ಮೂಸಿದಳು. "ಮೂಲೇಲಿ ಅಂಟಂಟಾಗಿರೋದು ನಿಮ್ಮ ಶರಬತ್ತು. ನಡುವೆ ಇರೋ ಈ ಕಂದು ಕಲೆ ಕಾಫಿದು."

"ನಾನು ಕಾಫಿ ಬಿಟ್ಟು ಎಷ್ಟೋ ಕಾಲ ಆಯ್ತಲ್ಲಮ್ಮ," ಎನ್ನುತ್ತ ಮಾವ ತಿರುಗಿದರು. ಸೊಸೆ ಪೆನ್ನಿನ ಕ್ಯಾಪನ್ನೇ ನೋಡುತ್ತಿದ್ದಳು.

"ಭಾನುವಾರ ಸಾಯಂಕಾಲ ಮಾವ," ಎಂದಳು. "ಸ್ವಲ್ಪವೇ ಸ್ವಲ್ಪ. ಅದಕ್ಕೇ ಕೆಟ್ಟಿದ್ದು ಅನ್ಕೊಂಡು ಎರಡು ದಿನದಿಂದ ನಿದ್ದೆ ಇಲ್ಲ."

"ಮತ್ತೆ ಒಂದೇ ಮಾತಲ್ಲಿ ಇಲ್ಲ ಅಂದೆಯಲ್ಲ?"

"ಹಾಗೆ ಅಂದೋರನ್ನ ಬಿಟ್ಟುಬಿಡ್ತಿದ್ದೆ ಅಂತ ದಿನಾ ಊಟಕ್ಕೆ ಕೂತಾಗ ನೀವೇ ಹೇಳ್ತೀರಲ್ಲ ಮಾವ."

ಮಾವ ಕಣ್ಣು ಪಿಳಿಪಿಳಿ ಬಿಟ್ಟರು. ತಮ್ಮ ಕೌಂಟರನ್ನು ಹೀಗೇ ನಗುನಗುತ್ತ ಎಷ್ಟು ಜನ ದಾಟಿಹೋಗಿರಬಹುದೆಂದು ಲೆಕ್ಕ ಹಾಕಲು ಹೋಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆಯೂ ನಕ್ಕಳು. ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ನಿಮ್ಮಿಬ್ಬರಿಗೂ ಇನ್ನೇನಾದ್ರೂ ಹೇಳೋದಿದೆಯಾ?" ಹುಡುಗಿ ಕೇಳಿದಳು.

"ಇಲ್ಲ," ಎಂದರು ಮಾವ, ಒಂದೇ ಮಾತಿನಲ್ಲಿ.

ಹುಡುಗಿ ಲ್ಯಾಪ್‌ಟಾಪನ್ನು ಓರೆಯಾಗಿಸಿ ಮೆಲ್ಲಗೆ ತಟ್ಟಿದಳು. ಫ್ಯಾನಿನ ಸಂದಿಯಿಂದ ನಾಲ್ಕು ಅಕ್ಕಿ ಕಾಳು ಉದುರಿ, ಕೌಂಟರಿನ ಗಾಜಿನ ಮೇಲೆ ಟಿಕ್ ಟಿಕ್ ಎಂದು ಕುಣಿದು, ಸೀದಾ ಮಾವನ ಮುಂದೆ ಬಂದು ನಿಂತವು.