ಸ್ಟ್ಯಾಂಡಿನ ಮೇಲೆ ಓಡಿದ ಬೈಕು

"ಮತ್ತೆ ಹತ್ತಿಕೊಳ್ತು ನೋಡೇ, ಈ ಹಾಳು ಎಬಿಎಸ್ ಬ್ರೇಕಿನ ದೀಪ!" ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ಗುರ್ರೆನ್ನಿಸುತ್ತ ಗ್ಯಾರೇಜಿನ ಮೇಸ್ತ್ರಿ ಹೆಂಡತಿಗೆ ಕೂಗಿ ಹೇಳಿದ. ಚಕ್ರದ ಓಟ ಅಳೆಯುವ ಸೆನ್ಸರ್ ಒರೆಸಿದ್ದಾಯಿತು, ಹೊಸದು ಹಾಕಿದ್ದೂ ಆಯಿತು. ಬೈಕಿನ ಒಡತಿ ನರ್ಸಮ್ಮ ಬಾಗಿಲಲ್ಲೇ ನಿಂತಿದ್ದಳು. "ಇವತ್ತೂ ಆರದಿದ್ರೆ ಎದುರಿನ ಶೋರೂಮಿಗೇ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ." ಇಪ್ಪತ್ತು ವರ್ಷದ ಹೆಸರು ನೀರುಪಾಲಾಗುವ ಹೊತ್ತು.

ಟ್ಯೂಬಿಗೆ ಪ್ಯಾಚು ಹಚ್ಚುತ್ತಿದ್ದ ಹೆಂಡತಿಯ ಕೈ ಗಕ್ಕನೆ ನಿಂತಿತು. ಹಿಂದಿನ ಚಕ್ರ ಬುಗುರಿಯ ಹಾಗೆ ತಿರುಗುತ್ತಿತ್ತು, ಮುಂದಿನದು ಮಿಸುಕದೆ ನಿಂತಿತ್ತು. "ಅಯ್ಯೋ ನಿಮ್ಮ! ಒಂದು ಚಕ್ರ ಓಡ್ತಿದೆ, ಇನ್ನೊಂದು ಗೂಟ ಹೊಡ್ಕೊಂಡು ನಿಂತಿದೆ. ಏನೋ ಕೆಟ್ಟಿದೆ ಅಂತ ಆ ದೀಪ ಬಾಯಿ ಬಡ್ಕೊಳ್ದೆ ಇನ್ನೇನ್ ಮಾಡುತ್ತೆ? ಕೆಳಗಿಳಿಸ್ರೀ, ಎರಡೂ ಒಟ್ಟಿಗೆ ಓಡ್ಲಿ!"

ಮೇಸ್ತ್ರಿ ಎಂಜಿನ್ ಆರಿಸಿ, ಬೈಕು ಇಳಿಸಿ, ಮತ್ತೆ ಕೀಲಿ ತಿರುಗಿಸಿದ. ಅವಳು ಹಿಂದೆ ಹತ್ತಿ ಕೂತಳು. ದೀಪ ಇನ್ನೂ ಮಿನುಗುತ್ತಿತ್ತು. ಹತ್ತು ಮಾರು ಹೋಗಿರಲಿಲ್ಲ, ಪಟ್ಟನೆ ಆರಿತು.

"ಆರ್ತು ಕಣೇ! ಆರೇ ಹೋಯ್ತು!"

"ಕಂಡೆ ಕಂಡೆ, ನೀವು ರಸ್ತೆ ನೋಡ್ರೀ!"

ತಿರುಗಿ ಬರುವಾಗ ನರ್ಸಮ್ಮ ಆಗಲೇ ನಗುತ್ತ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು. ಶೋರೂಮಿನ ಮುಂದೆ ಬರುತ್ತಿದ್ದಂತೆ ಮೇಸ್ತ್ರಿಯ ಹೆಗಲ ಪಕ್ಕದಿಂದ ಮಸಿ ಮೆತ್ತಿದ ಕೈಯೊಂದು ಚಾಚಿ ಬಂದು ಹಾರ್ನನ್ನು ಉದ್ದಕ್ಕೆ ಒತ್ತಿ ಹಿಡಿಯಿತು.