ಹಿಂದಿನ ಸೀಟಿನ ನಡುಕ

"ಹಳೇ ಡಿಸ್ಕುಗಳನ್ನೇ ವಾಪಸ್ ಹಾಕಿಬಿಡಿ," ಎಂದ ಅಳಿಯ, ಪಿಸುದನಿಯಲ್ಲಿ.

ಮೇಸ್ತ್ರಿಯ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಬ್ರೇಕ್ ಸರಿ ಮಾಡಿಕೊಡಿ ಎಂದು ಬಂದವರನ್ನು ಅವನು ಬೇಕಾದಷ್ಟು ಕಂಡಿದ್ದ. ಸರಿಯಾದ ಬ್ರೇಕನ್ನು ಕೆಡಿಸಿಕೊಡಿ ಎಂದು ಬಂದವನು ಇವನೇ ಮೊದಲು.

ಕಾರು ಚೆನ್ನಾಗಿ ನೆನಪಿತ್ತು. ನಿನ್ನೆ ಮಧ್ಯಾಹ್ನ ಅದನ್ನು ತಂದದ್ದು ಇವನ ಅತ್ತೆ. ಗಟ್ಟಿ ದನಿಯ, ಗಟ್ಟಿ ಮನಸ್ಸಿನ ಹೆಂಗಸು.

"ಬ್ರೇಕ್ ಒತ್ತಿದ್ರೆ ಕಾರು ಚಳಿಜ್ವರ ಬಂದ ಹಾಗೆ ನಡುಗುತ್ತೆ ಮೇಸ್ತ್ರಿ. ಮೊನ್ನೆ ಬಂದಾಗಿನಿಂದ ಅಳಿಯಂದಿರಿಗೆ ಹೇಳ್ತಾನೇ ಇದ್ದೀನಿ, 'ಇರ್ಲಿ ಬಿಡಿ ಅತ್ತೆ' ಅಂತಾರೆ. ಈಗ ಹಾಡುಹಗಲಲ್ಲಿ ಗಂಡ ಹೆಂಡತಿ ಇಬ್ರೂ ಬಿದ್ಕೊಂಡಿದ್ದಾರೆ. ಮೆತ್ತಗೆ ಕೀ ಎತ್ಕೊಂಡು ಬಂದೆ."

ಮೇಸ್ತ್ರಿ ಅವರಿಗೇ ಓಡಿಸಲು ಹೇಳಿ ತಾನು ಹಿಂದೆ ಕೂತ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಸಾಮಾನ್ಯವಾಗಿ ತಪ್ಪು ಮುಂದಿನ ಚಕ್ರದ್ದು, ಸೀಟು ನಡುಗಿದರೆ ಹಿಂದಿನದ್ದು. ಸ್ಟೀರಿಂಗ್ ತೆಪ್ಪಗಿತ್ತು. ಹಿಂದಿನ ಸೀಟಿನಲ್ಲಿ ಮಾತ್ರ ಮೇಸ್ತ್ರಿಯ ಬೆನ್ನು, ಸೊಂಟ, ದವಡೆ ಎಲ್ಲವೂ ಒಂದೇ ಹದದಲ್ಲಿ ಅದುರಿದವು. ಅತ್ತೆ ಮತ್ತೆ ಮತ್ತೆ ಬ್ರೇಕ್ ಒತ್ತುತ್ತಿದ್ದಂತೆ ಅವನಿಗೆ ಕಣ್ಣೆಳೆಯತೊಡಗಿತು. ಊಟ ಜಾಸ್ತಿಯಾಯಿತು ಎಂದುಕೊಂಡ.

ಹಿಂದಿನ ಚಕ್ರ ಬಿಚ್ಚಿ, ಡಿಸ್ಕಿಗೆ ಗೇಜ್ ಹಚ್ಚಿ ತಿರುಗಿಸಿದ. ಮುಳ್ಳು ಒಂದೆಡೆ ನಿಲ್ಲದೆ ಕುಣಿಯಿತು. ಡಿಸ್ಕು ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಪ್ಪ ಭಾಗ ಬಂದಾಗಲೆಲ್ಲ ಪ್ಯಾಡು ಎಡವುತ್ತಿತ್ತು. ಡಿಸ್ಕು ಕೂರುವ ಜಾಗದ ತುಕ್ಕು ಉಜ್ಜಿ ತೆಗೆದು, ಹೊಸ ಡಿಸ್ಕು, ಹೊಸ ಪ್ಯಾಡು ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿದ. ಆಮೇಲೆ ಕಾರು ನಿಂತದ್ದೇ ತಿಳಿಯಲಿಲ್ಲ. "ಇದನ್ನ ಹಾಗೇ ಓಡಿಸಿದ್ದಿದ್ರೆ ಒಂದಿನ ಒಳಗೆ ಕೂತವರ ಜೀವಕ್ಕೇ ಸಂಚಕಾರ ಬರ್ತಿತ್ತು ಅಮ್ಮಾ," ಎಂದು ಹೇಳಿಯೇ ಕಳಿಸಿದ್ದ.

ಈಗ ಈ ಅಳಿಯ. ಕಣ್ಣು ಕೆಂಡ. ಅಂಗಿ ತಿರುವುಮುರುವು. ಎಡಗಾಲಿಗೊಂದು ಚಪ್ಪಲಿ, ಬಲಗಾಲಿಗೆ ಇನ್ನೊಂದು ಜೋಡಿಯದು. ಹೆಗಲ ಮೇಲೆ ಒಣಗಿದ ಬಿಳಿ ಕಲೆ. ಮೇಸ್ತ್ರಿ ಮದುವೆಯ ಗೊಡವೆಗೆ ಹೋದವನಲ್ಲ. ಬಿಡುವು ಸಿಕ್ಕರೆ ಪತ್ತೇದಾರಿ ಕಾದಂಬರಿ ಓದುವುದೊಂದೇ ಅವನ ಸಂಸಾರ. ರಾತ್ರಿಯಿಡೀ ಸಂಚು ಹೂಡಿದವನ ಅವತಾರ ಹೀಗೇ ಇರುತ್ತದೆಂದು ಅವನಿಗೆ ಗೊತ್ತಿತ್ತು.

ಕಾರು ರಸ್ತೆಯಾಚೆ ಮರದ ನೆರಳಲ್ಲಿ ನಿಂತಿತ್ತು. ಇಂಜಿನ್ ಓಡುತ್ತಲೇ ಇತ್ತು. ಹಿಂದಿನ ಸೀಟಿನಲ್ಲಿ ಅತ್ತೆಯ ನರೆತಲೆ ಕಾಣುತ್ತಿತ್ತು.

"ಯಾಕೆ ಸಾರ್ ಪಿಸುಗುಡ್ತೀರಿ?"

"ಮೆಲ್ಲಗೆ ಮಾತಾಡಿ. ಕಾರಿನವರೆಗೂ ಕೇಳಿಸಬಾರದು."

"ಬ್ರೇಕ್ ಈಗ ಸರಿಯಾಗಿದೆಯಲ್ಲ?"

"ಅದೇ ತೊಂದರೆ. ಹಿಂದಿನ ಸೀಟು ನಡುಗಲೇಬೇಕು. ಅತ್ತೆ ಸಂಜೆ ಊರಿಗೆ ಹೊರಡ್ತಾರೆ. ಅಷ್ಟರೊಳಗೆ ಆಗಿಹೋಗಲಿ."

"ಆ ಸೀಟಲ್ಲಿ ಯಾರು ಕೂತ್ಕೊಳ್ಳೋದು?"

"ಇನ್ಯಾರು, ನಮ್ಮ ಮಹಾರಾಣಿಯವರು. ಬೆಲ್ಟ್ ಬಿಗಿದುಬಿಟ್ರೆ ಅಲುಗಾಡೋ ಹಾಗಿಲ್ಲ. ದೊಡ್ಡ ರಸ್ತೆಗೆ ಹೋಗಿ ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಸಾಕು, ಆಮೇಲೆ ಕಮಕ್ ಕಿಮಕ್ ಅನ್ನಲ್ಲ."

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ನಿಮ್ಮ ಮನೆಯವರಿಗೆ ಇದು ಗೊತ್ತಾ?"

"ಅವಳೇ ನನ್ನ ಕಳಿಸಿದ್ದು. ನಿನ್ನೆ ರಾತ್ರಿ ಇಬ್ರೂ ಸೇರಿ ಎಷ್ಟು ಸುತ್ತು ಹೊಡೆದ್ವಿ ಗೊತ್ತಾ? ಏನೂ ಆಗಲಿಲ್ಲ. ನಿಮ್ಮ ಬ್ರೇಕು ಬೆಣ್ಣೆ ಥರ ಹಿಡಿಯುತ್ತೆ. ಇವತ್ತೂ ಹೀಗೇ ಆದ್ರೆ ನಾವು ಉಳಿಯಲ್ಲ ಮೇಸ್ತ್ರಿ."

ಹೆತ್ತ ಮಗಳೇ. ಮೇಸ್ತ್ರಿಗೆ ತಾನು ಓದಿದ ಯಾವ ಕಾದಂಬರಿಯಲ್ಲೂ ಇಷ್ಟು ಕಲ್ಲುಹೃದಯದವರು ಸಿಕ್ಕಿರಲಿಲ್ಲ.

"ಹಳೇವು ಆ ಮೂಲೆಯ ಗುಜರಿ ರಾಶೀಲಿವೆ. ನೀವು ಹುಡುಕ್ತಾ ಇರಿ," ಎಂದು ಅಳಿಯನನ್ನು ಒಳಗೆ ಅಟ್ಟಿ, ಒಂದೇ ಉಸಿರಿಗೆ ರಸ್ತೆ ದಾಟಿದ. ಕಾರು ಇಲ್ಲಿಂದ ಕದಲಬಾರದು. ಕೀ ತನ್ನ ಜೇಬಿಗೆ ಬಿದ್ದರೆ ಒಂದು ಜೀವ ಉಳಿದ ಹಾಗೆ. ಡ್ರೈವರ್ ಕಡೆಯ ಕಿಟಕಿ ತೆರೆದೇ ಇತ್ತು. ಕೈ ತೂರಿಸಿದ.

ಅತ್ತೆ ಅದನ್ನು ಕಂಡದ್ದೇ ಎರಡೂ ಕೈ ಬೀಸತೊಡಗಿದರು. ಕಣ್ಣು ಭಯದಿಂದ ಅಗಲವಾಗಿತ್ತು. ತುಟಿ ಆಡುತ್ತಿತ್ತು, ಸ್ವರ ಮಾತ್ರ ಹೊರಡಲೊಲ್ಲದು. ನಿನ್ನೆ ಬೀದಿಗೆಲ್ಲ ಕೇಳುವಂತೆ ಮಾತಾಡಿದ ಹೆಂಗಸು. ಪಾಪ, ವಿಷಯ ತಿಳಿದು ಗಂಟಲು ಕಟ್ಟಿಹೋಗಿದೆ.

"ಹೆದರಬೇಡಿ ಅಮ್ಮಾ, ನಾನಿದ್ದೀನಿ," ಎಂದು ಕೀ ತಿರುಗಿಸಿ ಕಿತ್ತುಕೊಂಡ.

ಇಂಜಿನ್ ಆರಿತು. "ಅಯ್ಯೋ, ಆರಿಸಬೇಡಿ," ಎನ್ನುತ್ತ ಅಳಿಯ ಎರಡೂ ಕೈಯಲ್ಲಿ ತುಕ್ಕು ಹಿಡಿದ ಡಿಸ್ಕುಗಳನ್ನು ಹಿಡಿದು ಓಡಿಬಂದ. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು.

ಅವರ ಪಕ್ಕದ ಪುಟ್ಟ ಬುಟ್ಟಿ ಸೀಟಿನಲ್ಲಿ ಬೆಲ್ಟ್ ಬಿಗಿಸಿಕೊಂಡು ಆಗಷ್ಟೇ ರೆಪ್ಪೆ ಮುಚ್ಚಿದ್ದ, ಹುಟ್ಟಿ ಇನ್ನೂ ಮೂರು ತಿಂಗಳು ತುಂಬದ ಮಹಾರಾಣಿಯವರು ಕಣ್ಣು ಬಿಟ್ಟು, ಮಸಿ ಮೆತ್ತಿದ ಮೇಸ್ತ್ರಿಯ ಮುಖವನ್ನು ಒಮ್ಮೆ ನೋಡಿ, ಬೀದಿಯ ಕೊನೆಯ ಮನೆಗೂ ಕೇಳುವಂತೆ ರಾಗ ಎತ್ತಿದರು.