ಕೆನೆಬಣ್ಣದ ಸ್ಟಿಯರಿಂಗ್

ಬಾಗಿಲು ತೆಗೆದು ನೋಡಿದರೆ ಕಾರಿಗೆ ಸ್ಟಿಯರಿಂಗೇ ಇಲ್ಲ.

ಮಟಮಟ ಮಧ್ಯಾಹ್ನ, ಮನೆಯವರು ಮಲಗಿರುವ ಹೊತ್ತು ನೋಡಿಕೊಂಡು ಕಿಡಿ ತನ್ನ ಭಾವನ ಶೆಡ್ಡಿಗೆ ಹಿತ್ತಲ ಗೇಟಿನಿಂದ ಬೆಕ್ಕಿನ ಹಾಗೆ ನುಗ್ಗಿದ್ದೇ ಆ ಸ್ಟಿಯರಿಂಗಿಗಾಗಿ. ಕೈಚೀಲದಲ್ಲಿ ಕೆಳಗೆ ಸ್ಪ್ಯಾನರು, ಸ್ಟಿಯರಿಂಗ್ ಎಳೆದು ಕೀಳುವ ಪುಲ್ಲರು. ಸಿಕ್ಕಿಬಿದ್ದರೆ ‘ಭಾವನನ್ನು ನೋಡೋಕೆ ಬಂದೆ’ ಅನ್ನಲು ಮೇಲೊಂದಿಷ್ಟು ಕಿತ್ತಳೆ. ಈಗ ನೋಡಿದರೆ ಅವನಿಗಿಂತ ಮುಂಚೆ ಯಾರೋ ಕೈಚಳಕ ತೋರಿಸಿದ್ದಾರೆ. ಸ್ಟಿಯರಿಂಗ್ ಇರಬೇಕಾದ ಕಡೆ ಕಂಬಿಯೊಂದೇ ಬೋಳುಬೋಳಾಗಿ ನಿಂತಿದೆ. ಬಿಚ್ಚಿದ ನಟ್ಟು ಕಳೆದುಹೋಗದಿರಲಿ ಅಂತ ಅದನ್ನು ಮತ್ತೆ ಕಂಬಿಯ ತುದಿಗೇ ಎರಡು ಸುತ್ತು ತಿರುಗಿಸಿ ಇಟ್ಟಿದ್ದಾರೆ. ಯಾವ ಕಳ್ಳನೂ ಇಷ್ಟು ನಾಜೂಕು ಮಾಡುವುದಿಲ್ಲ. ಅಕ್ಕ ಮಾರಿಬಿಟ್ಟಳು ಅಂದುಕೊಂಡ, ಮೈಯೆಲ್ಲ ಉರಿದುಹೋಯಿತು. ವೆಲ್ಡಿಂಗ್ ಅಂಗಡಿಯವನಿಗೆ ಬೀದಿಯವರು ಕಿಡಿ ಅಂತ ಹೆಸರಿಟ್ಟಿದ್ದು ಬರೀ ಕಸುಬು ನೋಡಿ ಅಲ್ಲ.

ಇವನದೂ ಭಾವನದೂ ಒಂದೇ ಮಾಡೆಲ್ಲಿನ ಹಳೇ ಕಾರು. ಕಂಪನಿ ಮುಚ್ಚಿ ಯಾವ ಕಾಲವಾಯಿತೋ, ಒಂದು ಸ್ಕ್ರೂ ಬೇಕಾದರೂ ಗುಜರಿ ಅಂಗಡಿಗಳನ್ನು ಅಲೆಯಬೇಕು. ಒತ್ತಿದರೆ ಹಾರ್ನ್ ಆಗುವ ಹೊಳೆಯುವ ಬಳೆ ಸಮೇತ ಆ ಒರಿಜಿನಲ್ ಸ್ಟಿಯರಿಂಗನ್ನು ಗುಜರಿ ರಾಶಿಯಲ್ಲಿ ಮೊದಲು ಕಂಡವನು ಕಿಡಿ. ಅವನು ರೇಟಿಗಾಗಿ ಗುಜರಿಯವನ ಕಾಲರ್ ಹಿಡಿದಿದ್ದಾಗ ಭಾವ ನಗುನಗುತ್ತಾ ವ್ಯಾಪಾರ ಮುಗಿಸಿ, ಮಾಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟಿದ್ದರು. ಅವತ್ತಿನಿಂದ ಕಿಡಿ ಅಕ್ಕನ ಮನೆ ಹೊಸ್ತಿಲು ತುಳಿದಿರಲಿಲ್ಲ. ಅವನ ಕಾರಿಗೆ ಇವತ್ತಿಗೂ ಲಾರಿಯದೊಂದು ಕರೀ ಸ್ಟಿಯರಿಂಗೇ ಗತಿ. ಹಳೇ ಕಾರುಗಳ ಪ್ರದರ್ಶನದಲ್ಲಿ ಪ್ರತಿ ಸಲ ತೀರ್ಪುಗಾರರು, ಜನ್ಮದಲ್ಲಿ ಒಂದು ಟೈರೂ ಬಿಚ್ಚದ ಮಹಾಶಯರು, ಬಾನೆಟ್ ಎತ್ತಿ ನೋಡಿ ತಲೆದೂಗಿ, ಕೊನೆಗೆ ಒಳಗೆ ಬಗ್ಗಿ ಮುಸಿಮುಸಿ ನಗುತ್ತಿದ್ದರು. ಈ ಭಾನುವಾರ ಮತ್ತೆ ಪ್ರದರ್ಶನ. ಭಾವನಿಗೋ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲ ಬಿದ್ದುಹೋಗಿವೆ. ಇನ್ನು ಅವರಿಗೆ ಸ್ಟಿಯರಿಂಗ್ ಯಾಕೆ ಅನ್ನುವುದು ಕಿಡಿಯ ವಾದ. ಕೇಳಿ ತಗೊಳ್ಳೋಣ ಅಂದರೆ ಬಾಯಿ ಬರುವುದಿಲ್ಲ.

ಸುತ್ತಿ ಬಂದು ಮುಂಬಾಗಿಲನ್ನು ಧಡಧಡ ಬಡಿದ. ಒದ್ದೆ ಕೈಯಲ್ಲೇ ಅಕ್ಕ ಬಾಗಿಲು ತೆಗೆದಳು.

“ಯಾರಿಗೆ ಮಾರಿದೆ?”

“ಏನನ್ನೋ?”

“ನಾಟಕ ಬೇಡ. ಸ್ಟಿಯರಿಂಗು.”

“ಓಹೋ, ಶೆಡ್ಡಿಗೆ ಹೋಗಿಬಂದ್ಯಾ? ಇಷ್ಟು ವರ್ಷ ಆದಮೇಲೆ ಬಂದು, ಮೊದಲು ಕಾರಿನ ಯೋಗಕ್ಷೇಮ ವಿಚಾರಿಸ್ಕೊಂಡೆ ಅನ್ನು.” ಚೀಲ ಕಿತ್ತುಕೊಂಡಳು. “ಒಳಗೆ ಹೋಗು. ಮನುಷ್ಯರನ್ನೂ ಒಂದ್ಸಲ ನೋಡು.”

“ಅಕ್ಕಾ, ಆ ಚೀಲ...”

“ಹಣ್ಣು ತಾನೆ? ತೊಳ್ಕೊಂಡು ಬರ್ತೀನಿ.”

ನಡುಮನೆಯ ಕಿಟಕಿಯ ಹತ್ತಿರ ಭಾವ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿಯ ತೋಳುಗಳ ಮೇಲೆ ಅಡ್ಡಲಾಗಿ ಒಂದು ಹಲಗೆ, ಹಲಗೆಯ ಮೇಲೆ ಕೆನೆಬಣ್ಣದ ಸ್ಟಿಯರಿಂಗ್. ಬಲಗೈಯನ್ನು ಹಳೇ ಟವೆಲ್ಲಿನ ಪಟ್ಟಿಯಿಂದ ಅದಕ್ಕೆ ಕಟ್ಟಿತ್ತು. ಎಡಗೈ ತಿರುಗಿಸಿದಾಗ ಬಲಗೈ, ಸ್ಕೂಲಿಗೆ ಹೋಗಲ್ಲ ಅನ್ನುವ ಮಗುವಿನ ಹಾಗೆ, ಎಳೆದ ಕಡೆಗೆ ಹೋಗುತ್ತಿತ್ತು. ಅರ್ಧ ಸುತ್ತು ತಿರುಗುವಷ್ಟರಲ್ಲಿ ಸ್ಟಿಯರಿಂಗ್ ಜಾರಿ ತೊಡೆಯ ಮೇಲೆ ಬೀಳುತ್ತಿತ್ತು. ಅವರು ಮತ್ತೆ ಎತ್ತಿಡುತ್ತಿದ್ದರು. ಬಾಯಿ ಒಂದು ಕಡೆ ವಾಲಿತ್ತು. ಕಣ್ಣು ಮಾತ್ರ ನೆಟ್ಟಗೆ ಮುಂದಕ್ಕಿತ್ತು.

ಕಿಡಿ ಅವರ ಎದುರಿಗೆ ಹೋಗಿ ನಿಂತ. ಭಾವ ಅವನನ್ನೇ ನೋಡಿದರು. ಕಟ್ಟಿದ ಕೈಯ ಹೆಬ್ಬೆರಳು ಚೂರು ಮೇಲೆದ್ದು ಹಾರ್ನಿನ ಬಳೆಯ ಮೇಲೆ ಬಿತ್ತು. ಟಕ್.

“ಬಂದೆ ರೀ!” ಅಡುಗೆಮನೆಯಿಂದ ಅಕ್ಕನ ದನಿ. ಬಂದವಳೇ ಹೇಳಿದಳು, “ಹಿಸುಕೋಕೆ ಅಂತ ಡಾಕ್ಟರು ರಬ್ಬರ್ ಚೆಂಡು ಕೊಟ್ಟಿದ್ರು. ಕಿಟಕಿಯಿಂದಾಚೆ ಎಸೆದರು ಪುಣ್ಯಾತ್ಮರು. ಇದಾದ್ರೆ ದಿನವಿಡೀ ಬಿಡಲ್ಲ. ಮೊನ್ನೆಯಿಂದ ಆ ಬೆರಳು ಏಳ್ತಾ ಇದೆ.”

“ಬಿಚ್ಚಿದ್ದು ಯಾರು?”

“ಇವರು ಕಾರಿನ ಕೆಳಗೆ ಮಲಗಿದಾಗೆಲ್ಲ ಟಾರ್ಚ್ ಹಿಡ್ಕೊಂಡು ನಿಂತಿದ್ದು ಯಾರು? ಒಂದು ನಟ್ಟು ಬಿಚ್ಚೋಕೆ ನೀನು ಬರೋ ತನಕ ಕಾಯ್ಬೇಕಿತ್ತಾ?”

ಅವಳ ಒಂದು ಕೈಯಲ್ಲಿ ಕಿತ್ತಳೆಯ ತಟ್ಟೆ. ಇನ್ನೊಂದರಲ್ಲಿ ಸ್ಪ್ಯಾನರು, ಪುಲ್ಲರು. ಹಣ್ಣಿನ ಜೊತೆ ಅವನ್ನೂ ತೊಳೆದಿದ್ದಳು, ನೀರು ತೊಟ್ಟಿಕ್ಕುತ್ತಿತ್ತು.

ಕಿಡಿಯ ಕಿವಿ ಕಾದ ಕಬ್ಬಿಣವಾಯಿತು.

ಅಕ್ಕ ಪುಲ್ಲರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. “ಇದರ ಕೆಲಸ ಆಗೋಗಿದೆ.” ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು. “ಇದರದ್ದು ಬಾಕಿ ಇದೆ. ಆ ಹಲಗೆಗೆ ಇದನ್ನ ಕೂರಿಸಿಕೊಡು. ತಿರುಗಬೇಕು, ಜಾರಬಾರದು. ನನ್ನ ಕೈಲಿ ಅಷ್ಟು ಬಿಗಿ ಬರಲ್ಲ.”

“ಭಾನುವಾರ ನಂದು...”

“ಭಾನುವಾರ ನಾವೆಲ್ಲೂ ಹೋಗಲ್ಲ. ನಿಧಾನಕ್ಕೆ ಮಾಡು.”

ಕಿಡಿ ಶೆಡ್ಡಿಗೆ ಹೋಗಿ, ಈ ಸಲ ಮುಂಬಾಗಿಲಿನಿಂದಲೇ, ಒಂದು ದಪ್ಪ ಬೋಲ್ಟು, ವಾಷರು, ಡ್ರಿಲ್ಲು ಹುಡುಕಿ ತಂದ. ಹಲಗೆಗೆ ತೂತು ಕೊರೆದ. ಕುರ್ಚಿಯ ಮುಂದೆ ಮಂಡಿಯೂರಿ, ಹಲಗೆಯ ಕೆಳಗೆ ತಲೆ ತೂರಿಸಿ ಬಿಗಿಯತೊಡಗಿದ. ನಟ್ಟು ಕಚ್ಚಿಕೊಂಡಿತು. ಮೇಲಿನಿಂದ ಟಕ್ ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್, ಟಕ್.

“ಅಕ್ಕಾ, ಭಾವ ಕರೀತಿದ್ದಾರೆ.”

“ಕರೀತಿಲ್ಲ ಕಣೋ,” ಅಂದಳು ಅಕ್ಕ, ಕಿತ್ತಳೆ ಸುಲಿಯುತ್ತಾ. “ಗಾಡಿಗೆ ಅಡ್ಡ ಕೂತಿದ್ದೀಯ. ಪಕ್ಕಕ್ಕೆ ಸರಿ.”